ರೊಟ್ಟಿ ಬಡಿಯುವ ಕೈ

ತಡಕೋಡ ಸರ್ ಪ್ರತಿ ವರ್ಷದ ಮೊದಲನೇ ಪಾಠವನ್ನು ಬೈಗುಳದಿಂದಲೇ ಶುರುಮಾಡುತ್ತಿದ್ದರು. ಮುಂದಿನ ಬೆಂಚಿನಿಂದ ಗಟ್ಟಿಮುಟ್ಟಾದ ಒಬ್ಬ ಹುಡುಗನನ್ನು ಎಬ್ಬಿಸಿ ಅವನ ಊರನ್ನು, ಅಪ್ಪನನ್ನು, ಕೊನೆಗೆ ಹೆತ್ತವ್ವನನ್ನೂ ಹಿಡಿದು ಕಿವಿ ಮುಚ್ಚಿಕೊಳ್ಳುವಂಥ ಮಾತಾಡುವರು. ಹುಡುಗನ ಮುಖ ಕೆಂಪಾಗಿ ದವಡೆ ಬಿಗಿಯಿತೆಂದರೆ, "ಈಗ ನನ್ನ ಕಪಾಳಕ್ಕ ಒಂದು ಹೊಡಿಯಪಾ" ಎಂದು ಕೆನ್ನೆ ಒಡ್ಡುವರು. ಹುಡುಗ ಕೈ ಬೀಸುವನು. ಕೈ ಅರ್ಧ ದಾರಿಗೆ ಹೋಗಿ ಅಲ್ಲೇ ನಿಂತುಬಿಡುವುದು. ಮಣಿಕಟ್ಟಿನ ಪಟ್ಟಿ ಕಟಕ್ಕೆನ್ನುವುದು, ಬೆರಳು ಸೆಟೆದುಕೊಳ್ಳುವವು. ಹಲ್ಲು ಕಚ್ಚಿ ಎಷ್ಟು ಒದ್ದಾಡಿದರೂ ಕೈ ಬೆರಳಗಲ ಮುಂದೆ ಸರಿಯದು. ಇಡೀ ತರಗತಿ ಘೊಳ್ಳೆಂದು ನಗುವುದು.

"ನೋಡ್ರಿ," ಎನ್ನುವರು ಸರ್, ಹುಡುಗನ ಬೆನ್ನು ತಟ್ಟಿ ಕೂರಿಸುತ್ತ. "ಇವಂಗ ಹೊಡಿಬೇಕು ಅಂತ ಅನಿಸೂದಕ್ಕಿಂತ ಅರ್ಧ ಸೆಕೆಂಡ್ ಮೊದಲ ಇವನ ಮೆದುಳು ಕೈಗೆ ತಯಾರಾಗು ಅಂತ ಹೇಳಿಬಿಟ್ಟದ. ಆ ಅರ್ಧ ಸೆಕೆಂಡಿನ್ಯಾಗ ಸರ್ಕಾರ ಹೊಕ್ಕು ಕೂತದ. ಈಗ ಹೇಳ್ರಿ, ಹೊಡಿಲಿಕ್ಕೆ ಹೋದಾಂವ ಯಾರು? ಇಂವನೋ, ಇವನ ಮೆದುಳೋ?"

ಇದು ಹುಬ್ಬಳ್ಳಿಯ ಒಂದು ಕಾಲೇಜಿನ ಬಿ.ಎ. ತರಗತಿ. ವಿಷಯದ ಹೆಸರು ಮನಸ್ಸು ಮತ್ತು ಮೆದುಳಿನ ತತ್ತ್ವಶಾಸ್ತ್ರ. ದಾನಮ್ಮ ಇದನ್ನು ಆರಿಸಿಕೊಂಡಾಗ ಓಣಿಯ ಮಂದಿ, "ಇದನ್ನ ಕಲ್ತು ಏನ್ ಮಾಡ್ತೀಯವಾ, ಮಂದಿ ತಲಿ ಬಿಚ್ಚತೀಯೇನು?" ಎಂದು ನಕ್ಕಿದ್ದರು. ನಗಲಿ ಬಿಡಿ. ಮೂರು ವರ್ಷದ ಹಿಂದಿನ ಗಲಭೆಗಳಲ್ಲಿ ರಾಜ್ಯದ ಅರ್ಧ ಊರುಗಳು ಹೊತ್ತಿ ಉರಿದ ಮೇಲೆ ಹದಿನಾರು ದಾಟಿದ ಪ್ರತಿಯೊಬ್ಬರ ಕೈಗೂ ಆ ಪಟ್ಟಿ ಬಂದಿತ್ತು. ಕಿವಿಯ ಹಿಂದೆ ಕುಂಕುಮದ ಬೊಟ್ಟಿನಷ್ಟು ದೊಡ್ಡ ಒಂದು ಬಿಲ್ಲೆ, ಮಣಿಕಟ್ಟಿಗೆ ಪಟ್ಟಿ. ಬಿಲ್ಲೆ ಮೆದುಳನ್ನು ಓದುತ್ತದೆ, ಪಟ್ಟಿ ಕೈಯ ನರಕ್ಕೆ ತಡೆ ಹಾಕುತ್ತದೆ. ಸರ್ಕಾರ ಅದಕ್ಕೆ ಏನೋ ಉದ್ದನೆಯ ಹೆಸರಿಟ್ಟಿತ್ತು. ಮಂದಿ ಮಾತ್ರ 'ಬಳೆ' ಅಂದರು. ಕೈಗೆ ಬಳೆ ತೊಟ್ಟಿಲ್ಲ ಎಂದು ಮೀಸೆ ತಿರುವುತ್ತಿದ್ದ ಗಂಡಸರೆಲ್ಲ ಸಾಲಾಗಿ ನಿಂತು ಬಳೆ ತೊಟ್ಟುಕೊಂಡರು.

ಹೊಡೆಯುವ ಕೈಗೂ ಚಪ್ಪಾಳೆ ತಟ್ಟುವ ಕೈಗೂ ಬಳೆ ಹೇಗೆ ವ್ಯತ್ಯಾಸ ಮಾಡುತ್ತದೆ? ಬಳೆ ತೊಡಿಸುವ ದಿನ ಶಿಬಿರದಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿ, ಯಾರನ್ನಾದರೂ ಹೊಡೆಯುವುದನ್ನು ನೆನೆಯಲು ಹೇಳುತ್ತಾರೆ. ಆಗ ತಲೆಯೊಳಗೆ ಏಳುವ ಅಲೆಯನ್ನು ಯಂತ್ರ ಅಚ್ಚು ತೆಗೆದಿಟ್ಟುಕೊಳ್ಳುತ್ತದೆ. ಒಬ್ಬೊಬ್ಬರದು ಒಂದೊಂದು ಅಚ್ಚು. ಮುಂದೆ ಅದೇ ಅಚ್ಚಿಗೆ ಕೂಡುವ ಅಲೆ ಎದ್ದರೆ ಕೈ ಕಟಕ್. ಎದ್ದದ್ದು ದಾಖಲೆಯಲ್ಲಿ ಗೆರೆಯಾಗಿ ಮೂಡುತ್ತದೆ, ಆ ಗೆರೆಯೇ ಕೋರ್ಟಿಗೆ ಸಾಕ್ಷಿ. ಗೆರೆ ಏಳದಿದ್ದರೆ ಹೊಡೆತವೇ ಇಲ್ಲ, ಆದದ್ದು ಅಪಘಾತ ಎಂದು ಕಾನೂನೇ ಬರೆದಿತ್ತು.

ಎರಡನೇ ವರ್ಷದ ಒಂದು ಮಧ್ಯಾಹ್ನ ದಾನಮ್ಮ ಎದ್ದು ನಿಂತು ಕೇಳಿದಳು: "ಸರ್, ನಾವು 'ಸಿಟ್ಟು ಬಂತು' ಅಂತೀವಿ. ಬರೂದು ಸಿಟ್ಟು, ನಾವಲ್ಲ. ಅಚ್ಚಿನ್ಯಾಗ ಇರೂದೂ ಆ ಬಂದ ಸಿಟ್ಟು. ಹಂಗಾದ್ರ ಸಿಟ್ಟು ಬರಲಾರದ ಒಬ್ಬಾಂವ ಹೊಡದ್ರ ಬಳಿ ಹಿಡಿತದೇನ್ರಿ?"

ಸರ್ ನಕ್ಕರು. "ಸಿಟ್ಟಿಲ್ದ ಯಾರು ಹೊಡಿತಾರವಾ, ಹುಚ್ಚಿ!"

ಎಲ್ಲರೂ ನಕ್ಕರು. ಕಿಟಕಿಯ ಪಕ್ಕ ಕೂತಿದ್ದ ಗುರುಶಾಂತ ಒಬ್ಬನೇ ನಗಲಿಲ್ಲ. ಅವನು ಪೆನ್ನು ತೆಗೆದು ಆ ಪ್ರಶ್ನೆಯನ್ನು ಬರೆದುಕೊಂಡ.

* * *

ಬೆಳಗಿನ ಜಾವ ರೊಟ್ಟಿ ಬಡಿಯುವ ಸಪ್ಪಳಕ್ಕೆ ಎಚ್ಚರವಾಗುವುದು ದಾನಮ್ಮನಿಗೆ ಹುಟ್ಟಿನಿಂದ ಬಂದ ರೂಢಿ. ಪಟ್ ಪಟ್ ಪಟ್, ಅವ್ವನ ಅಂಗೈ, ಜೋಳದ ಹಿಟ್ಟು, ಕೆಳಗೆ ಕಲ್ಲು. ಚನ್ನಬಸವ್ವನ ಖಾನಾವಳಿ ಎಂದರೆ ಸುತ್ತಲಿನ ಕಾಲೇಜು ಹುಡುಗರಿಗೆ, ಲಾರಿ ಡ್ರೈವರುಗಳಿಗೆ ಗೊತ್ತು. ಗಂಡ ಸತ್ತ ಮೇಲೆ ಆಕೆ ದಿನಕ್ಕೆ ಮುನ್ನೂರು ರೊಟ್ಟಿ ಬಡಿದು ಮಗಳನ್ನು ಸಾಕಿದ್ದಳು.

ಬಳೆ ತೊಟ್ಟ ಮರುದಿನ ಆ ಸಪ್ಪಳ ನಿಂತಿತು. ಹಿಟ್ಟು ನಾದಿ ಮುದ್ದೆ ಮಾಡಿ ಮೊದಲ ಏಟು ಹಾಕಲು ಕೈ ಎತ್ತಿದ್ದೇ ಕಟಕ್. ಬಿಟ್ಟು ಮತ್ತೆ ಎತ್ತಿದಳು, ಮತ್ತೆ ಕಟಕ್. ಶಿಬಿರದವರು ಯಂತ್ರ ಸರಿಯಿದೆ ಎಂದರು. ಆಸ್ಪತ್ರೆಯವರು ಆಕೆಯನ್ನು ಅರ್ಧ ಗಂಟೆ ಮಾತಾಡಿಸಿ ಒಂದು ಚೀಟಿ ಬರೆದುಕೊಟ್ಟರು: 'ಅಡುಗೆ ಕೆಲಸದ ಬಗ್ಗೆ ಸುಪ್ತ ಕೋಪ.'

"ಸುಪ್ತ ಅಂದ್ರ ಏನಬೇ?" ಎಂದು ಅವ್ವ ಮಗಳನ್ನು ಕೇಳಿದ್ದಳು. ಆಕೆಯ ಬಾಯಲ್ಲಿ ಮಗಳೂ 'ಬೇ', ಎಮ್ಮೆಯೂ 'ಬೇ'.

"ಒಳಗ ಮಲಗಿದ್ದು. ನಿನಗ ಗೊತ್ತಿಲ್ಲದಂಗ ಇದ್ದ ಸಿಟ್ಟು."

"ನನಗ ರೊಟ್ಟಿ ಮ್ಯಾಲ ಸಿಟ್ಟ?" ಅವ್ವ ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡು ಕೂತಳು. ಬೆಕ್ಕಿಗೂ ಒಂದು ದಿನ ಕೈ ಎತ್ತಿದ ಹೆಂಗಸಲ್ಲ ಆಕೆ. ಅಂದಿನಿಂದ ಖಾನಾವಳಿಗೆ ಯಂತ್ರದ ರೊಟ್ಟಿ ಬರತೊಡಗಿತು. ಗಿರಾಕಿಗಳು ಮೂಗು ಮುರಿಯುತ್ತ ತಿಂದರು. ಅವ್ವ ಬಡಿಸುವಾಗ ಅವರ ಮುಖ ನೋಡುವುದನ್ನೇ ಬಿಟ್ಟಳು. ದಾನಮ್ಮನಿಗೆ ಎದೆಯಲ್ಲಿ ಮುಳ್ಳು ಮುರಿದಂತಾಗಿತ್ತು. ಓದುವ ಹುಡುಗಿಯಲ್ಲವೇ, ಆ ಚೀಟಿಯನ್ನು ನಂಬಿದ್ದಳು. ಇಪ್ಪತ್ತು ವರ್ಷ ನನ್ನ ಸಲುವಾಗಿ ರೊಟ್ಟಿ ಬಡಿದು ಬಡಿದು ಅವ್ವನ ಒಳಗೆ ವಿಷ ಕೂತಿದೆ ಎಂದೇ ತಿಳಿದಿದ್ದಳು.

* * *

ಗುರುಶಾಂತ ಒಳ್ಳೆಯ ವಿದ್ಯಾರ್ಥಿ. ಮೆಲ್ಲನೆ ಮಾತು, ಇಸ್ತ್ರಿ ಅಂಗಿ. ಸಿಟ್ಟನ್ನು ಗೆಲ್ಲುವುದು ಎಂಬ ವಿಷಯದ ಮೇಲೆ ಪ್ರಬಂಧ ಬರೆಯುತ್ತೇನೆಂದು ಸರ್ ಹತ್ತಿರ ಪ್ರಯೋಗಾಲಯದ ಬೀಗದ ಕೈ ಪಡೆದ. ಅಲ್ಲಿ ಸಹಾಯಕಿಯಾಗಿದ್ದ ದಾನಮ್ಮನೇ ನಾಲ್ಕು ತಿಂಗಳು ಅವನ ಎದುರು ಕೂತು ಟಿಪ್ಪಣಿ ಬರೆದಳು. ಅವನು ಪರದೆಯ ಮೇಲೆ ತನ್ನದೇ ಗೆರೆಯನ್ನು ನೋಡುತ್ತ ಮರಳಿನ ಚೀಲಕ್ಕೆ ಗುದ್ದುತ್ತಿದ್ದ. ಮೊದಲ ತಿಂಗಳು ಪ್ರತಿ ಗುದ್ದಿಗೂ ಕೈ ಕಟಕ್ಕೆಂದಿತು. ಎರಡನೇ ತಿಂಗಳು ಹತ್ತರಲ್ಲಿ ಆರು ಸಲ. ನಾಲ್ಕನೇ ತಿಂಗಳು ಚೀಲ ಹರಿದು ಮರಳು ಸುರಿದರೂ ಗೆರೆ ನೆಟ್ಟಗೆ ಮಲಗಿಯೇ ಇತ್ತು.

"ಸಿಟ್ಟು ನಂದಲ್ಲ ದಾನಮ್ಮ," ಎಂದ ಅವನು ಬೆವರು ಒರೆಸಿಕೊಳ್ಳುತ್ತ. "ಅದು ಬರ್ತೈತಿ, ಹೋಗ್ತೈತಿ. ನಾ ಹಾದಿ ಬಿಟ್ಟು ನಿಂತೀನಿ. ಕೈ ಅಷ್ಟ ನಂದು."

ಎಂಥ ಶಾಂತಿ ಎಂದು ಆಕೆ ಮೆಚ್ಚಿಕೊಂಡು ಬರೆದಳು. ದಡ್ಡಿ!

ಅದಾದ ವಾರಕ್ಕೆ ಹಾಸ್ಟೆಲಿನ ನೀರಿನ ತೊಟ್ಟಿಯ ಹತ್ತಿರ ಅವಳು ಕಂಡದ್ದು ಇದು. ಗುರುಶಾಂತ ತಮ್ಮದೇ ತರಗತಿಯ ಮೈಲಾರಿಯ ಜುಟ್ಟು ಹಿಡಿದು ಅವನ ಮುಖವನ್ನು ನಲ್ಲಿಗೆ ಬಡಿಯುತ್ತಿದ್ದ. ಒಂದು ಏಟು, ಒಂದು ನಿಧಾನದ ಉಸಿರು. ಮತ್ತೆ ಏಟು, ಮತ್ತೆ ಉಸಿರು. ಮೈಲಾರಿ ಮಾಡಿದ ತಪ್ಪೆಂದರೆ ಬೆಳಿಗ್ಗೆ ಇವನನ್ನು 'ಬಳಿ ತೊಟ್ಟ ಸ್ವಾಮಿಗಳು' ಎಂದು ಕಾಡಿಸಿದ್ದು. ಅವನ ಒಂದು ಕಣ್ಣಿನ ಜಾಗದಲ್ಲಿ ರಕ್ತ ಬಿಟ್ಟು ಬೇರೆ ಏನೂ ಕಾಣುತ್ತಿರಲಿಲ್ಲ. ದಾನಮ್ಮ ಇಟ್ಟಿಗೆ ಎತ್ತಿಕೊಂಡು ಓಡಿದಳು. ಎರಡು ಮಾರು ದೂರದಲ್ಲಿ ಅವಳ ಕೈ ಕಟಕ್ಕೆಂದು ಗಾಳಿಯಲ್ಲೇ ನಿಂತಿತು, ಇಟ್ಟಿಗೆ ಅವಳ ಕಾಲ ಮೇಲೆಯೇ ಬಿತ್ತು. ಚೀರುವುದಷ್ಟೇ ಅವಳಿಗೆ ಉಳಿದದ್ದು.

ಗುರುಶಾಂತ ತಿರುಗಿ ನೋಡಿದ. "ಅವತ್ತು ಕೇಳಿದ್ದಿಯಲ್ಲ, ನಿನ್ನ ಪ್ರಶ್ನಿಗೆ ಉತ್ತರ ಸಿಕ್ತು," ಎಂದ. "ಬರ್ಕೋ."

* * *

ಮೈಲಾರಿಯ ಕಣ್ಣು ಹೋಯಿತು. ಗುರುಶಾಂತನ ಬಳೆಯ ದಾಖಲೆ ತೆಗೆದು ನೋಡಿದರೆ ಗೆರೆ ನೆಟ್ಟಗೆ. ಮೈಲಾರಿ ಜಾರಿ ನಲ್ಲಿಯ ಮೇಲೆ ಬಿದ್ದ, ನಾನು ಎಬ್ಬಿಸಲು ಹೋಗಿದ್ದೆ ಎಂದ ಗುರುಶಾಂತ. ಅದಕ್ಕೆ ವಿರುದ್ಧ ಇದ್ದದ್ದು ಇಬ್ಬರ ಮಾತು. ಒಬ್ಬ ಕಣ್ಣು ಕಳೆದುಕೊಂಡವನು, ಇನ್ನೊಬ್ಬಳು ದಾನಮ್ಮ. ಅವಳ ಹತ್ತಿರ ಮಾತಿಗಿಂತ ಗಟ್ಟಿಯಾದದ್ದೂ ಒಂದಿತ್ತು, ಆ ನಾಲ್ಕು ತಿಂಗಳ ಟಿಪ್ಪಣಿ ಪುಸ್ತಕ. ಸಿಟ್ಟಿಲ್ಲದೆ ಹೊಡೆಯುವುದನ್ನು ಅವನು ಹೇಗೆ ಕಲಿತ ಎಂಬುದು ತಾರೀಖಿನ ಸಮೇತ ಅವಳದೇ ಅಕ್ಷರದಲ್ಲಿತ್ತು. ಸೋಮವಾರ ಕಾಲೇಜಿನ ವಿಚಾರಣಾ ಸಮಿತಿ ಕೂರುವುದಿತ್ತು. ನಿವೃತ್ತ ನ್ಯಾಯಾಧೀಶೆಯೊಬ್ಬರು ಅದರ ಅಧ್ಯಕ್ಷೆ, ಠಾಣೆಯ ಇನ್ಸ್‌ಪೆಕ್ಟರ್ ಒಬ್ಬ ಸದಸ್ಯ. ದಾಖಲೆಯ ಗೆರೆ ಸತ್ಯ ಹೇಳುವುದಿಲ್ಲ ಎಂದು ಅವರ ಎದುರು ಸಾಧಿಸಬೇಕು, ಇಲ್ಲದಿದ್ದರೆ ಮೈಲಾರಿಯ ಕಣ್ಣು ಜಾರಿ ಬಿದ್ದು ಹೋದದ್ದಾಗುತ್ತದೆ.

ಶನಿವಾರ ದಾನಮ್ಮ ಪ್ರಯೋಗಾಲಯಕ್ಕೆ ಹೋದಳು. ಬಳೆಯ ಶಿಬಿರ ನಡೆದದ್ದು ಅದೇ ಕಟ್ಟಡದಲ್ಲಿ, ಅಚ್ಚು ತೆಗೆದಾಗಿನ ಧ್ವನಿಮುದ್ರಣಗಳೆಲ್ಲ ಅಲ್ಲೇ ಇದ್ದವು. ಗುರುಶಾಂತನ ಮೂಲ ಅಚ್ಚು ಹುಡುಕುತ್ತಿದ್ದವಳಿಗೆ ಪಟ್ಟಿಯಲ್ಲಿ ಅವ್ವನ ಹೆಸರು ಕಂಡಿತು. ಕೈ ತಡೆಯಲಿಲ್ಲ, ಒತ್ತಿದಳು.

ಮೈಸೂರು ಕಡೆಯ ತಂತ್ರಜ್ಞನ ದನಿ: "ಅಮ್ಮಾ, ಕಣ್ಮುಚ್ಕೊಳ್ಳಿ. ಹೊಡೆಯೋದನ್ನ ಮನಸ್ಸಿಗೆ ತಂದ್ಕೊಳ್ಳಿ."

ಅವ್ವನ ದನಿ: "ಏನು ಹೊಡಿಯೂದ್ರೀ ಸಾಹೇಬ್ರ?"

ದೂರದಿಂದ ಜವಾನನ ದನಿ: "ಇಲ್ಲೆ 'ಬಡಿಯೂದು' ಅನ್ರಿ ಸರ್, ಅಂದ್ರ ತಿಳಿತೈತಿ."

"ಓ, ಸರಿ. ಅಮ್ಮಾ, ಬಡಿಯೋದನ್ನ ನೆನೆಸ್ಕೊಳ್ಳಿ. ನೀವೀಗ ಜೋರಾಗಿ ಬಡೀತಾ ಇದ್ದೀರಿ."

"ಎಷ್ಟು ಬಡೀಲ್ರಿ?"

"ಎಷ್ಟಾದ್ರೂ ಬಡೀರಿ."

"ದಿನಾ ಮುನ್ನೂರು ಬಡಿತೀನ್ರಿ."

ಯಂತ್ರ ಗುಂಯ್‌ಗುಟ್ಟಿದ ಸದ್ದು. ಆಮೇಲೆ ತಂತ್ರಜ್ಞ ಗಾಬರಿಯಿಂದ, "ಮುನ್ನೂರಾ! ಸಾಕಮ್ಮಾ, ಸಾಕು, ಅಚ್ಚು ಬಂತು," ಎಂದ.

ದಾನಮ್ಮ ನಕ್ಕಳು. ನಗುತ್ತ ನಗುತ್ತ ಅಳು ಬಂದು ಮೇಜಿನ ಮೇಲೆ ತಲೆ ಇಟ್ಟು ಅತ್ತಳು. ಅಯ್ಯೋ ಅವ್ವಾ! ಆ ಹೆಂಗಸಿನ ತಲೆಯಲ್ಲಿ ಬಡಿಯುವುದೆಂದರೆ ರೊಟ್ಟಿ. ಯಂತ್ರ ತೆಗೆದದ್ದು ರೊಟ್ಟಿಯ ಅಚ್ಚು. ಅಲ್ಲಿ ಸಿಟ್ಟೂ ಇರಲಿಲ್ಲ, ಸುಪ್ತವೂ ಇರಲಿಲ್ಲ. ಅಂದು ಅದೇ ಸಾಲಿನಲ್ಲಿ, ಅದೇ ಮಾತಿಗೆ ಕೂತ ಹೆಂಗಸರು ಇನ್ನೂ ಹತ್ತು ಜನ ಇದ್ದರು.

ಸಂಜೆ ಅವ್ವನಿಗೆ ಎಲ್ಲ ಹೇಳಿದಳು. ಅವ್ವ ಎರಡು ಸಲ ಕೇಳಿಸಿಕೊಂಡಳು.

"ಹಂಗಾದ್ರ ನನಗ ರೊಟ್ಟಿ ಮ್ಯಾಲ ಸಿಟ್ಟಿಲ್ಲ?"

"ಇಲ್ಲಬೇ."

"ನಿನ್ನ ಮ್ಯಾಲ?"

"ಅದನ್ನ ನೀನ ಹೇಳಬೇಕು," ಎಂದಳು ದಾನಮ್ಮ. ಅವ್ವ ಅವಳ ತಲೆ ಹಿಡಿದು ಹೊಟ್ಟೆಗೆ ಒತ್ತಿಕೊಂಡಳು. ಸೋಮವಾರ ವಿಚಾರಣೆ ಮುಗಿದ ಮೇಲೆ ಹೊಸ ಅಚ್ಚು ತೆಗೆಸುವುದೆಂದಾಯಿತು. ಅವ್ವ ಎರಡು ವರ್ಷದಿಂದ ಅಟ್ಟದ ಮೇಲೆ ಬಿದ್ದಿದ್ದ ಕಬ್ಬಿಣದ ರೊಟ್ಟಿ ಹಂಚನ್ನು ಇಳಿಸಿ, ತುಕ್ಕು ತಿಕ್ಕಿ, ಎಣ್ಣೆ ಸವರಿ ಒಲೆಯ ಪಕ್ಕ ನಿಲ್ಲಿಸಿದಳು. ಆ ಹೊತ್ತಿನಲ್ಲಿ ದಾನಮ್ಮನಿಗೆ ಇನ್ನೊಂದು ಹೊಳೆಯಬೇಕಿತ್ತು. ಅವ್ವನ ಬಳೆ ರೊಟ್ಟಿಯನ್ನು ತಡೆಯುತ್ತದೆಂದರೆ, ರೊಟ್ಟಿಯನ್ನು ಬಿಟ್ಟು ಬೇರೆ ಯಾವುದನ್ನೂ ತಡೆಯುವುದಿಲ್ಲ. ಖುಷಿಯಲ್ಲಿ ಅದು ಹೊಳೆಯಲಿಲ್ಲ.

* * *

ಭಾನುವಾರ ಮಧ್ಯಾಹ್ನ ಒಂದು ಗಂಟೆ. ಖಾನಾವಳಿಯಲ್ಲಿ ಇಪ್ಪತ್ತು ಮಂದಿ ಊಟಕ್ಕೆ ಕೂತಿದ್ದರು. ಗುರುಶಾಂತ ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದುಕೊಂಡು ಒಳಗೆ ಬಂದ. ದಾನಮ್ಮ ನೀರು ಹಾಕುತ್ತಿದ್ದಳು. ಅವನು ಅವಳ ಬಲಗೈ ಹಿಡಿದು ಮೇಜಿನ ಮೇಲೆ ಚಪ್ಪಟೆಯಾಗಿ ಒತ್ತಿ ಎದುರಿನ ಬೆಂಚಿನಲ್ಲಿ ಕೂತ.

"ಪುಸ್ತಕ ಎಲ್ಲೈತಿ?"

"ಕೈ ಬಿಡು."

ಅವನು ಒಂದು ಉಸಿರು ಒಳಗೆಳೆದು, ನಿಧಾನವಾಗಿ ಬಿಟ್ಟು, ಅವಳ ಕಿರುಬೆರಳನ್ನು ಹಿಂದಕ್ಕೆ ಮಡಚಿದ. ಹಸಿ ಕಡ್ಡಿ ಮುರಿದಂಥ ಸದ್ದು. ದಾನಮ್ಮನ ಚೀರಾಟಕ್ಕೆ ಊಟ ಮಾಡುತ್ತಿದ್ದವರೆಲ್ಲ ಎದ್ದರು. ಎದ್ದು ಕೈ ಎತ್ತಿದರು. ಕಟಕ್, ಕಟಕ್, ಕಟಕ್, ಇಪ್ಪತ್ತು ಕೈಗಳು ಇಪ್ಪತ್ತು ಎತ್ತರದಲ್ಲಿ ನಿಂತವು. ಒಬ್ಬ ಲಾರಿ ಡ್ರೈವರನ ಮುಷ್ಟಿ ಗುರುಶಾಂತನ ಕಿವಿಯ ಹತ್ತಿರವೇ ನಡುಗುತ್ತ ನಿಂತುಬಿಟ್ಟಿತು. "ಮಗನ! ಬಿಡಲೇ ಆಕಿನ್ನ!" ಎಂದು ಎಲ್ಲರೂ ಒದರುವವರೇ. ಒಬ್ಬರ ಕೈಯೂ ಕೆಳಗಿಳಿಯಲೊಲ್ಲದು. ಬರಿ ಸಿಟ್ಟು ತುಂಬಿದ ಆ ಕೋಣೆಯಲ್ಲಿ ಸಿಟ್ಟಿಲ್ಲದವನ ಕೈ ಒಂದೇ ಆಡುತ್ತಿತ್ತು.

"ಪುಸ್ತಕ," ಎಂದ ಅವನು, ಉಂಗುರ ಬೆರಳನ್ನು ಹಿಡಿದು. "ಇನ್ನ ಮೂರು ಬೆರಳು ಅದಾವು, ಹೆಬ್ಬೆರಳು ಬ್ಯಾರೆ. ಬರಿಯಾಕ ಬರಲಾರದಂಗ ಆಗ್ತೈತಿ ದಾನಮ್ಮ, ವಿಚಾರ ಮಾಡು."

"ಹೇಳೂದಿಲ್ಲ."

ಎರಡನೇ ಬೆರಳೂ ಮುರಿಯಿತು. ಅಡುಗೆಮನೆಯ ಬಾಗಿಲಲ್ಲಿ ಚನ್ನಬಸವ್ವ ನಿಂತಿದ್ದಳು. ಕೈಯಲ್ಲಿ ರೊಟ್ಟಿ ಹಂಚು. ಗುರುಶಾಂತ ತಲೆ ಎತ್ತಿ ನೋಡಿದ, ಕೂತಲ್ಲಿಂದ ಕದಲಲಿಲ್ಲ. ಕದಲುವ ಅಗತ್ಯವೇ ಅವನಿಗೆ ಕಾಣಲಿಲ್ಲ. ಆಕೆಯ ಮುಖ ನೋಡಿದರೆ ಕೈ ಎಲ್ಲಿ ಕಟಕ್ಕೆನ್ನುತ್ತದೆ ಎಂದು ಯಾರಾದರೂ ಹೇಳಬಹುದಿತ್ತು.

"ಅವ್ವಾರ, ಸುಮ್ನ ಕೈ ನೋಯಿಸ್ಕೋಬ್ಯಾಡ್ರಿ," ಎಂದ ಮರ್ಯಾದೆಯಿಂದ.

ಹಂಚು ಮೇಲೆ ಹೋಯಿತು. ಎಲ್ಲರ ಕಿವಿಯೂ ಆ ಕಟಕ್ ಸದ್ದಿಗೆ ಕಾದಿತ್ತು. ಅದು ಬರಲಿಲ್ಲ. ಹಂಚು ಬೀಸಿ ಬಂದು ಅವನ ತಲೆಯ ಪಕ್ಕಕ್ಕೆ ಅಪ್ಪಳಿಸಿತು. ಅವನು ಬೆಂಚಿನಿಂದ ಉರುಳಿ ನೆಲಕ್ಕೆ ಬಿದ್ದ. ಮುಖದಲ್ಲಿ ನೋವಿಗಿಂತ ಹೆಚ್ಚಾಗಿ ಆಶ್ಚರ್ಯವಿತ್ತು. ಆಕೆ ಅವನ ಮೇಲೆ ಬಗ್ಗಿ ಮತ್ತೊಂದು ಸಲ ಹಾಕಿದಳು. "ಯವ್ವಾ, ಸಾಕಬೇ!" ಎಂದು ದಾನಮ್ಮ ಕೂಗಿದಳು. ಆಕೆ ಎರಡೂ ಕೈಯಿಂದ ಹಂಚನ್ನು ತಲೆಯ ಮೇಲಕ್ಕೆ ಎತ್ತಿ ಮೂರನೇ ಏಟು ಹಾಕಿದಳು. ಆಮೇಲೆ ಹಂಚನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಸೆರಗಿನಿಂದ ಮಗಳ ಬೆರಳು ಸುತ್ತತೊಡಗಿದಳು. ನಿಂತವರ ಕೈಗಳು ಆಗ ಒಂದೊಂದಾಗಿ ಕೆಳಗಿಳಿದವು.

ಗುರುಶಾಂತ ಸಂಜೆಯೊಳಗೆ ಆಸ್ಪತ್ರೆಯಲ್ಲಿ ಸತ್ತ.

* * *

ಇನ್ಸ್‌ಪೆಕ್ಟರ್ ಬಂದು ಚನ್ನಬಸವ್ವನ ಬಳೆಯ ದಾಖಲೆ ತೆಗೆಸಿದ. ಗೆರೆ ನೆಟ್ಟಗಿತ್ತು, ಬೆಳಗಿನಿಂದ ಸಂಜೆಯವರೆಗೂ ಒಂದು ಕೂದಲೆಳೆಯಷ್ಟೂ ಎದ್ದಿರಲಿಲ್ಲ. ಅವನಿಗೆ ನಿರಾಳವಾಯಿತು. "ಹಂಚು ಕೈಜಾರಿ ಬಿತ್ತು ಅಂತ ಬರಕೋರಿ," ಎಂದ ಬರೆಯುವವನಿಗೆ.

"ಮೂರು ಏಟು ಅದಾವಲ್ಲ ಸರ್?"

"ಮೂರು ಸಲ ಕೈಜಾರ್ತು ಅಂತ ಬರಿ. ಕಾನೂನು ಏನ್ ಹೇಳ್ತದ ಅದು."

ಸಮಿತಿ ಗುರುವಾರಕ್ಕೆ ಮುಂದೆ ಹೋಯಿತು. ಆ ನಾಲ್ಕು ದಿನ ದಾನಮ್ಮ ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು ಮೂಲೆಯಲ್ಲಿ ಕೂತು ಲೆಕ್ಕ ಹಾಕಿದಳು. ಎತ್ತ ತಿರುಗಿದರೂ ಗೋಡೆ. ದಾಖಲೆಯ ಗೆರೆ ಸುಳ್ಳು ಎಂದು ಸಾಧಿಸಿದರೆ ಮೈಲಾರಿಗೆ ನ್ಯಾಯ, ಆದರೆ ಅದೇ ಮಾತು ಅವ್ವನನ್ನು ಕೊಲೆಗಾರ್ತಿ ಮಾಡುತ್ತದೆ. ಗೆರೆಯೇ ಸತ್ಯ ಎಂದು ಬಾಯಿ ಮುಚ್ಚಿಕೊಂಡರೆ ಅವ್ವ ಉಳಿಯುತ್ತಾಳೆ. ಆಗ ಹೊಸ ಅಚ್ಚನ್ನೂ ತೆಗೆಸುವಂತಿಲ್ಲ, ತೆಗೆಸಿದರೆ ಹಳೆಯ ತಪ್ಪು ಹೊರಬೀಳುತ್ತದೆ. ಬುಧವಾರ ಅವಳು ಟಿಪ್ಪಣಿ ಪುಸ್ತಕವನ್ನು ಒಲೆಯ ಮುಂದೆ ತಂದಿಟ್ಟಳು.

"ಇದನ್ನ ಸುಡ್ತೀನಿ. ನೀ ಯಾರ ಮುಂದೂ ರೊಟ್ಟಿ ಸುದ್ದಿ ತೆಗಿಬ್ಯಾಡ. ಜೀವ ಇರೂತನಕ ತೆಗಿಬ್ಯಾಡ."

ಅವ್ವ ಸಾರು ತಿರುವುತ್ತಿದ್ದವಳು ಸೌಟು ಇಟ್ಟಳು. "ಮೈಲಾರಿ ಕಣ್ಣು?"

"ಅದು ಅಪಘಾತ ಆಗ್ತೈತಿ."

"ಅದು ಅಪಘಾತ ಅಲ್ಲಲ್ಲ."

"ಅಲ್ಲ! ನಂಗೊತ್ತಿಲ್ಲೇನು, ನಾ ನೋಡೀನಿ!" ದಾನಮ್ಮ ಒದರಿದಳು. "ಆದ್ರ ನಿನ್ನ ಒಳಗ ಹಾಕ್ತಾರಬೇ! ನಿನ್ನ ಬಿಟ್ರ ನನಗ ಯಾರದಾರ?"

ಅವ್ವ ಸೆರಗಿಗೆ ಕೈ ಒರೆಸಿಕೊಂಡಳು. ಪುಸ್ತಕವನ್ನು ಎತ್ತಿ ಜೋಳದ ಹಿಟ್ಟಿನ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದಳು.

ಗುರುವಾರ ಸಮಿತಿಯ ಮುಂದೆ ದಾನಮ್ಮನನ್ನು ಕರೆದರು. ಎದುರಿಗೆ ನ್ಯಾಯಾಧೀಶೆ, ಇನ್ಸ್‌ಪೆಕ್ಟರ್, ತಡಕೋಡ ಸರ್. ಪಕ್ಕದ ಕುರ್ಚಿಯಲ್ಲಿ ಮೈಲಾರಿ, ಅರ್ಧ ಮುಖಕ್ಕೆ ಬಿಳಿ ಪಟ್ಟಿ. ಅವನು ಉಳಿದ ಕಣ್ಣಿನಿಂದ ಅವಳನ್ನೇ ನೋಡುತ್ತಿದ್ದ. ದಾನಮ್ಮ ಎದ್ದು ನಿಂತಳು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಅವ್ವ ಬಂದಳು. ಒಂದು ಕೈಯಲ್ಲಿ ಹಿಟ್ಟಿನ ಡಬ್ಬಿ, ಇನ್ನೊಂದರಲ್ಲಿ ಬಿಸಿನೀರಿನ ಥರ್ಮಾಸು, ಕಂಕುಳಲ್ಲಿ ಹಿಟ್ಟು ನಾದುವ ಪರಾತ.

"ಇದೇನ್ರಿ ಇದು?" ಎಂದರು ನ್ಯಾಯಾಧೀಶೆ.

"ಒಂದು ರೊಟ್ಟಿ ಬಡಿತೀನ್ರಿ ತಾಯಿ. ಆಮ್ಯಾಲೆ ಮಾತಾಡ್ತೀನಿ."

ಸಮಿತಿಯ ಮೇಜಿನ ಮೇಲೆಯೇ ಆಕೆ ಪರಾತ ಇಟ್ಟು, ಹಿಟ್ಟು ಸುರಿದು, ಬಿಸಿನೀರು ಹೊಯ್ದು, ನಾದಿ ಮುದ್ದೆ ಕಟ್ಟಿದಳು. ಬಡಿಯಲು ಕೈ ಎತ್ತಿದಳು. ಕಟಕ್. ಬೆರಳು ಸೆಟೆದು ನಿಂತವು. ದಾಖಲೆ ತೋರಿಸಲು ಸಮಿತಿಯವರು ಇಟ್ಟುಕೊಂಡಿದ್ದ ಪರದೆಯ ಮೇಲೆ ಆಕೆಯ ಗೆರೆ ಜಿಗಿದು ಕೆಂಪಾಯಿತು. ಇನ್ಸ್‌ಪೆಕ್ಟರ್ ಎದ್ದು ನಿಂತ. ಆಕೆ ಕೈ ಇಳಿಸಿ, ಡಬ್ಬಿಯಿಂದ ಪುಸ್ತಕ ತೆಗೆದು, ಹಿಟ್ಟು ಒರೆಸಿ ನ್ಯಾಯಾಧೀಶೆಯ ಮುಂದಿಟ್ಟಳು.

"ಈ ಬಳಿಗೆ ನಾ ಬಡಿಯೂದು ಅಂದ್ರ ರೊಟ್ಟಿ ಅಷ್ಟ ಗೊತ್ತ್ರಿ. ಮನಶ್ಯಾನ್ನ ಬಡದ್ರ ಇದಕ್ಕ ತಿಳಿಯೂದಿಲ್ಲ. ಆ ಹುಡುಗನ ಬಳಿಗೂ ತಿಳಿದಿಲ್ಲ, ಯಾಕ ಅನ್ನೂದು ನನ್ನ ಮಗಳು ಈ ಪುಸ್ತಕದಾಗ ಬರದಾಳ. ಅವನ ಕೈಯಿಂದ ಈ ಮಗನ ಕಣ್ಣು ಹೋತು, ಅದು ಅಪಘಾತ ಅಲ್ಲ. ನನ್ನ ಕೈಯಿಂದ ಆಂವ ಸತ್ತ, ಅದೂ ಅಪಘಾತ ಅಲ್ಲ."

"ಯವ್ವಾ!" ಎಂದಳು ದಾನಮ್ಮ.

"ಸುಮ್ನಿರಬೇ." ಆಕೆ ನ್ಯಾಯಾಧೀಶೆಯ ಕಡೆಯೇ ತಿರುಗಿದ್ದಳು. "ಮೊದಲನೇ ಏಟು ಮಗಳ ಸಲುವಾಗಿ ಹಾಕೀನ್ರಿ. ಅಲ್ಲಿಗೇ ಆಂವ ಬಿದ್ದಿದ್ದ, ಬಿಡಬಹುದಿತ್ತು. ಆಮ್ಯಾಲಿನ ಎರಡು ನನ್ನ ಸಲುವಾಗಿ. ಸಿಟ್ಟು ಬಂತು, ಖರೆ. ಆದ್ರ ಬಡದಾಕಿ ಸಿಟ್ಟಲ್ಲ, ನಾನು. ಮೂರು ಸಲ ಕೈಜಾರ್ತು ಅಂತ ಸಾಹೇಬ್ರು ಬರಸ್ಯಾರ. ಇಪ್ಪತ್ತು ವರ್ಷ ಹಂಚು ಹಿಡದೀನಿ, ಒಮ್ಮೆನೂ ಕೈಜಾರಿಲ್ಲ. ಅದೊಂದು ತಿದ್ರಿ."

ತಡಕೋಡ ಸರ್ ತಲೆ ತಗ್ಗಿಸಿದರು. ಹೊಡೆಯುವವನು ಯಾರು ಎಂದು ಅವರು ಮೂವತ್ತು ವರ್ಷದಿಂದ ತರಗತಿಗಳಲ್ಲಿ ಕೇಳುತ್ತ ಬಂದಿದ್ದರು, ಇಷ್ಟು ನೇರವಾಗಿ ಯಾವ ವಿದ್ಯಾರ್ಥಿಯೂ ಉತ್ತರ ಕೊಟ್ಟಿರಲಿಲ್ಲ. ಮೈಲಾರಿ ಎದ್ದು ಬಂದು ಚನ್ನಬಸವ್ವನ ಹಿಟ್ಟು ಮೆತ್ತಿದ ಕೈಯನ್ನು ಹಿಡಿದುಕೊಂಡು ನಿಂತ.

* * *

ಕೋರ್ಟು ಆಕೆಗೆ ಆರು ವರ್ಷ ಕೊಟ್ಟಿತು. ಮೈಲಾರಿಯ ಕಾಗದದಲ್ಲಿ 'ಅಪಘಾತ' ಎಂಬ ಪದವನ್ನು ಹೊಡೆದುಹಾಕಿ 'ಹಲ್ಲೆ' ಎಂದು ಬರೆದರು. ಬಳೆಯ ಗೆರೆಯನ್ನು ಒಂದೇ ಸಾಕ್ಷಿಯೆಂದು ಹಿಡಿಯಬಾರದೆಂದು ಕಾನೂನನ್ನೂ ತಿದ್ದಿದರು. ಅಂದು ಅದೇ ಸಾಲಿನಲ್ಲಿ ಕೂತಿದ್ದ ಉಳಿದ ಹತ್ತು ಹೆಂಗಸರಿಗೆ, ಬಂದು ಹೊಸ ಅಚ್ಚು ತೆಗೆಸಿಕೊಳ್ಳಿ ಎಂದು ಸರ್ಕಾರ ಮೂರು ಸಲ ಪತ್ರ ಬರೆಯಿತು. ಒಬ್ಬಳೂ ಹೋಗಲಿಲ್ಲ. ಒಬ್ಬಾಕೆ ಮಾತ್ರ ಉತ್ತರ ಕಳಿಸಿದ್ದಳು: 'ನಾವು ರೊಟ್ಟಿ ಕೊಂಡು ತಿಂತೀವಿ. ನಮ್ಮ ಕೈಯಾನ ಬಳಿ ಇದ್ದಂಗ ಇರ್ಲಿ.' ಆಕೆಯ ಗಂಡ ಆಮೇಲೆ ಕುಡಿಯುವುದನ್ನು ಬಿಟ್ಟನೆಂದು ಓಣಿಯಲ್ಲಿ ಸುದ್ದಿ.

ಚನ್ನಬಸವ್ವನಿಗೆ ಮಾತ್ರ ಆ ಆಯ್ಕೆ ಇರಲಿಲ್ಲ. ಸೆರೆಮನೆಗೆ ಬಂದವರ ಬಳೆ ಸರಿ ಇರಲೇಬೇಕು. ಹೊಸ ಅಚ್ಚು ತೆಗೆಯುವ ದಿನ ದಾನಮ್ಮನಿಗೂ ಒಳಗೆ ಕೂರಲು ಅನುಮತಿ ಸಿಕ್ಕಿತು. ಅವಳ ಎರಡು ಬೆರಳು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ, ಎಡಗೈಯಲ್ಲಿ ಪರೀಕ್ಷೆ ಬರೆದು ಬಂದಿದ್ದಳು. ತಂತ್ರಜ್ಞ ಈ ಸಲ ಇದೇ ಕಡೆಯವನು, ಮಾತು ಕಲಿತು ಬಂದವನು.

"ಯವ್ವಾ, ಕಣ್ಣು ಮುಚ್ಚರಿ. ಬಡಿಯೂದನ್ನ ನೆನಸ್ರಿ. ರೊಟ್ಟಿ ಅಲ್ಲ ಮತ್ತ! ಮನಶ್ಯಾರನ್ನ."

ಅವ್ವ ಕಣ್ಣು ಮುಚ್ಚಿದಳು. ಪರದೆಯ ಮೇಲೆ ಗೆರೆ ನೆಟ್ಟಗೆ ಮಲಗಿತ್ತು. ಒಂದು ನಿಮಿಷವಾಯಿತು, ಐದು ನಿಮಿಷವಾಯಿತು.

"ಯಾರನ್ನ ನೆನಸಾಕತ್ತೀರಿ?"

"ಯಾರೂ ಬರವಲ್ರು."

"ಯಾರಾದ್ರೂ ಇರ್ತಾರಲ್ರೀ, ನಿಮಗ ಸಿಟ್ಟು ಬರಸಿದಾವ್ರು, ಬಡೀಬೇಕು ಅನಿಸಿದಾವ್ರು."

ಅವ್ವ ಕಣ್ಣು ತೆರೆದು ಮಗಳ ಬೆರಳುಗಳನ್ನು ನೋಡಿದಳು.

"ಇದ್ದಾಂವ ಒಬ್ಬನ ಇದ್ದ," ಎಂದಳು. "ಅವನ್ನ ಬಡದಾಯ್ತಲ್ಲ."

ತಂತ್ರಜ್ಞ ಮತ್ತೆ ಎರಡು ದಿನ ಬಂದು ನೋಡಿದ. ಅಚ್ಚು ಬೀಳಲಿಲ್ಲ. ಅಚ್ಚಿಲ್ಲದ ಕೈಗೆ ಬಳೆ ಹಾಕಲು ಬರುವುದಿಲ್ಲ, ಹಳೆಯದನ್ನೂ ಬಿಚ್ಚಿಕೊಂಡು ಹೋದರು. ಅವ್ವ ಬರಿ ಮಣಿಕಟ್ಟನ್ನು ತಿಕ್ಕಿಕೊಳ್ಳುತ್ತ ಜೈಲಿನ ಅಡುಗೆಮನೆ ಯಾವ ಕಡೆ ಎಂದು ಕೇಳಿದಳಂತೆ. ಮುಂದಿನ ವಾರ ಭೇಟಿಗೆ ಬಂದ ದಾನಮ್ಮ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಿದ್ದಾಗ ಗೋಡೆಯ ಆಚೆಯಿಂದ ಪಟ್ ಪಟ್ ಪಟ್ ಎಂದು ಕೇಳಿಸಿತು. ಕರೆಯುವವರು ಬಂದು ಎರಡು ಸಲ ಹೆಸರು ಕೂಗಿದರು. ಅವಳು ಏಳಲಿಲ್ಲ, ಕೇಳುತ್ತ ಕೂತಳು.